ಮೂರನೆಯ ಸಾಲು

ಊರಿಗೆ ನೂರು ವರ್ಷ ತುಂಬಿತು ಎಂದು ಊರು ತನ್ನ ಬೆನ್ನು ತಾನೇ ತಟ್ಟಿಕೊಂಡಿತು. ಪುರಸಭೆಯ ಕಟ್ಟಡಕ್ಕೆ ಹೊಸದಾಗಿ ಸುಣ್ಣ ಬಳಿದರು. ರಸ್ತೆಗೆ ಮುಖ ಮಾಡಿದ ಗೋಡೆಯ ಮೇಲೆ ಊರಿನ ಚರಿತ್ರೆ ಬರೆಸಿದರು. ಚರಿತ್ರೆ ಎಂದರೆ ಹದಿನಾಲ್ಕು ಸಾಲು. ನೂರು ವರ್ಷದ ಬೆವರು, ಧೂಳು, ಕೆಮ್ಮು, ಸಾವು ಎಲ್ಲ ಸೇರಿ ಹದಿನಾಲ್ಕು ಸಾಲು. ಬರೆದವನು ಎಡಚ.

ಎಡಗೈಯಲ್ಲಿ ಕುಂಚ ಹಿಡಿಯುತ್ತಿದ್ದುದರಿಂದ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಊರಿನ ಬೋರ್ಡುಗಳೆಲ್ಲ ಅವನವೇ. ಔಷಧಿ ಅಂಗಡಿ, ಹಿಟ್ಟಿನ ಗಿರಣಿ, ವಕೀಲರ ಮನೆ, ಹಲ್ಲಿನ ಡಾಕ್ಟರು, ಒಂದನ್ನೂ ಬಿಟ್ಟಿರಲಿಲ್ಲ. ‘ಇಲ್ಲಿ ಕಸ ಹಾಕಬಾರದು’ ಎಂದು ಮೇಲಿನ ಬೀದಿಗಳಲ್ಲಿ ಹನ್ನೊಂದು ಕಡೆ ಬರೆದವನೂ ಅವನೇ. ಆ ಬೋರ್ಡುಗಳು ಬಂದ ಮೇಲೆ ಊರಿನ ಕಸ ಹೋಗಿ ಬೀಳತೊಡಗಿದ್ದು ಕಲ್ಲುಗುಂಡಿಯ ದಂಡೆಗೆ. ಆ ದಂಡೆಯ ಮೇಲೇ ಅವನ ಅವ್ವನ ಮನೆ ಇತ್ತು.

ಕಲ್ಲುಗುಂಡಿ ಅಂದರೆ ಗುಂಡಿಯೇ. ಒಂದು ಕಾಲಕ್ಕೆ ಅಲ್ಲಿ ಗುಡ್ಡ ಇತ್ತು. ರೈಲು ಹಳಿಯ ಕೆಳಗೆ ಹಾಕಲು ಜಲ್ಲಿ ಬೇಕಾದಾಗ ಯಾರೋ ಎಲ್ಲಿಂದಲೋ ಮೂವತ್ತು ಸಂಸಾರಗಳನ್ನು ತಂದು ಆ ಗುಡ್ಡದ ಬುಡಕ್ಕೆ ಇಳಿಸಿದರು. ಆಗ ಅಲ್ಲಿ ಊರಿರಲಿಲ್ಲ. ಅಂಗಡಿ ಇರಲಿಲ್ಲ, ಬೀದಿ ಇರಲಿಲ್ಲ. ಗಂಡಸರು ಗುಡ್ಡ ಒಡೆದರು. ಹೆಂಗಸರು ಬಾಂಡ್ಲಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತರು. ರೈಲು ಬಂತು. ಅದೇ ಕಲ್ಲಿನಿಂದ ಸ್ಟೇಷನ್ ಎದ್ದಿತು, ಗೋದಾಮು ಎದ್ದಿತು, ಸಂತೆಯ ಕಟ್ಟೆ, ಶಾಲೆ, ಕೋರ್ಟು, ಆಮೇಲೆ ಮೇಲಿನ ಬೀದಿಯ ಎರಡಂತಸ್ತಿನ ಮನೆಗಳು. ಊರು ಮೇಲಕ್ಕೆ ಎದ್ದಷ್ಟೂ ಗುಡ್ಡ ಕೆಳಕ್ಕೆ ಇಳಿಯಿತು. ಕೊನೆಗೆ ಗುಡ್ಡ ಹೋಗಿ ಗುಂಡಿಯಾಯಿತು. ಗುಂಡಿಯಲ್ಲಿ ನೀರು ಬಂತು. ಕೆಲಸ ನಿಂತಿತು. ಕಲ್ಲಿನ ಧೂಳು ಕುಡಿದ ಗಂಡಸರು ನಲವತ್ತೈದು ಮುಟ್ಟುವುದರೊಳಗೆ ಕೆಮ್ಮಿ ಕೆಮ್ಮಿ ಸತ್ತರು. ಎಡಚನ ಅಪ್ಪ ನಲವತ್ತೊಂದಕ್ಕೇ ಹೋದ.

ಈಗಿನ ಊರು ನೋಡಲು ಬಲು ಮರ್ಯಾದಸ್ಥ. ಯಾರೂ ಯಾರನ್ನೂ ಬಯ್ಯುವುದಿಲ್ಲ. ‘ಕೆಳಗಿನವರಾ?’ ಎಂದು ಮೆತ್ತಗೆ ಕೇಳುತ್ತಾರೆ, ಅಷ್ಟೇ. ಹೌದು ಅಂದರೆ ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲಾದ ಹಲಗೆಯ ಮೇಲಿಡುತ್ತಾರೆ. ಕೆಳಗಿನವರು ಎತ್ತಿಕೊಳ್ಳುತ್ತಾರೆ. ಇದಕ್ಕೆ ಯಾವ ಬೋರ್ಡೂ ಬೇಕಿರಲಿಲ್ಲ.

ಎಡಚ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದ. ಎಲ್ಲಿಯವನು ಎಂದು ಅಂಗಡಿಯ ಯಜಮಾನ ಕೇಳಿದಾಗ ದೂರದ ಒಂದು ಊರಿನ ಹೆಸರು ಹೇಳಿದ್ದ. ಬಾಯಿಗೆ ಬಂದದ್ದು ಹೇಳಿದ್ದ. ಅವನಿಗೆ ಬೇಕಿದ್ದದ್ದು ಇಷ್ಟೇ, ಚಿಲ್ಲರೆ ಕೈಗೆ ಬರಬೇಕು. ಬರುತ್ತಿತ್ತು. ಅವ್ವ ಬೆಳಿಗ್ಗೆ ಸಂತೆಕಟ್ಟೆಯ ಕಸ ಗುಡಿಸಿ ಅದೇ ದಾರಿಯಲ್ಲಿ ಹೋಗುವಾಗ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡುವಳು. ಕೂಗುತ್ತಿರಲಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಕೂಗಬಾರದು ಎಂದು ಗೊತ್ತಿತ್ತು.

ಗೋಡೆಯ ಚರಿತ್ರೆಯನ್ನು ಕಾಗದದ ಮೇಲೆ ಬರೆದುಕೊಟ್ಟವರು ನಿವೃತ್ತ ಹೆಡ್‌ಮಾಸ್ತರರು. ಮುತ್ತಿನಂಥ ಅಕ್ಷರ. ಎಡಚ ಏಣಿ ಹಾಕಿ, ನೀಲಿ ಚಾಕ್ ಹಚ್ಚಿದ ದಾರ ಮಿಡಿದು ಗೋಡೆಯ ಮೇಲೆ ಗೆರೆ ಬೀಳಿಸಿ, ಅಕ್ಷರಗಳನ್ನು ಮೊದಲು ಚಾಕಿನಲ್ಲೇ ಗುರುತು ಮಾಡಿಕೊಂಡ. ಅಕ್ಷರ ನಾಲ್ಕು ಬೆರಳು ಎತ್ತರ ಇರಬೇಕು, ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು ಎಂದು ಪುರಸಭೆಯ ಅಧ್ಯಕ್ಷರು ಹೇಳಿದ್ದರು. ಮೊದಲ ಎರಡು ಸಾಲು ಸರಿಯಾಗಿ ಕೂತವು. ಮೂರನೆಯದು ಕೂರಲಿಲ್ಲ. ಹೆಡ್‌ಮಾಸ್ತರರ ಕಾಗದದಲ್ಲಿ ಅದು ಹೀಗಿತ್ತು: ‘ಕಲ್ಲು ಒಡೆಯುವವರ ಮೂವತ್ತು ಗುಡಿಸಲು ಬಿಟ್ಟರೆ ಆಗ ಇಲ್ಲಿದ್ದುದೆಲ್ಲ ಬರಡು ಬಯಲು.’ ಬಯಲು ಎಂಬುದು ಗೋಡೆಯಿಂದಾಚೆ ಹೋಗುತ್ತಿತ್ತು. ಅದನ್ನು ಕೆಳಗಿನ ಸಾಲಿಗೆ ಇಳಿಸಿದರೆ ಎಲ್ಲ ಸಾಲೂ ಇಳಿಯುತ್ತಿದ್ದವು. ಕೊನೆಯ ಸಾಲಿನಲ್ಲಿದ್ದ ಅಧ್ಯಕ್ಷರ ಹೆಸರು ಚರಂಡಿಯ ಪಕ್ಕಕ್ಕೆ ಬರುತ್ತಿತ್ತು.

ಅವನು ಕಾಗದ ಹಿಡಿದು ಹೆಡ್‌ಮಾಸ್ತರರ ಮನೆಗೆ ಹೋದ. ಅವರು ಜ್ವರದಲ್ಲಿ ಮಲಗಿದ್ದರು.

“ಸಾರ್, ಜಾಗ ಸಾಲ್ತಿಲ್ಲ.”

“ಎಲ್ಲಾದ್ರೂ ನಾಲ್ಕು ಪದ ಕಡಿಮೆ ಮಾಡ್ಕೊಳಪ್ಪ. ಅರ್ಥ ಕೆಡದ ಹಾಗೆ ಮಾಡು. ನಿನಗೆ ತಿಳೀತದೆ,” ಎಂದು ಅವರು ಗೋಡೆಯ ಕಡೆ ಮಗ್ಗುಲಾದರು.

ಅವನಿಗೆ ತಿಳಿಯುತ್ತಿತ್ತು. ಅದೇ ಕಷ್ಟ. ಬೋರ್ಡು ಬರೆಯುವವರು ಪದ ಕಡಿಯುವುದು ಹೊಸದೇನಲ್ಲ. ಹಲಗೆ ಸಣ್ಣದಾದರೆ ‘ನುರಿತ’ ಹೋಗುತ್ತದೆ, ‘ಪ್ರಸಿದ್ಧ’ ಹೋಗುತ್ತದೆ, ಯಾರೂ ಅಳುವುದಿಲ್ಲ. ಐದನೆಯ ಸಾಲಿನಲ್ಲಿ ಗೋದಾಮು ಕಟ್ಟಿಸಿದ ಸಾಹುಕಾರರು ‘ದಾನಶೂರರೂ ಜನಾನುರಾಗಿಗಳೂ ದೂರದೃಷ್ಟಿಯುಳ್ಳವರೂ’ ಆಗಿದ್ದರು. ಅದರಲ್ಲಿ ಎರಡು ಬಿರುದು ಕಿತ್ತು ಸಾಲುಗಳನ್ನು ಮೇಲೆಳೆದುಕೊಂಡಿದ್ದರೆ ಎಲ್ಲವೂ ಕೂರುತ್ತಿತ್ತು. ಅಳತೆ ಹಾಕಿಯೂ ನೋಡಿದ. ಕೂರುತ್ತಿತ್ತು. ಏಣಿಯ ಮೇಲಿಂದ ಕೆಳಗೆ ನೋಡಿದ. ಬಟ್ಟೆ ಅಂಗಡಿಯ ಯಜಮಾನ ಅದೇ ದಾರಿಯಲ್ಲಿ ಬರುತ್ತ, ಕಣ್ಣಿಗೆ ಕೈ ಅಡ್ಡ ಹಿಡಿದು, “ಏನಪ್ಪ, ಚೆನ್ನಾಗಿ ಬರ್ತಿದೆಯಾ?” ಎಂದು ಕೇಳಿದ.

ಚೆನ್ನಾಗಿ ಬರ್ತಿದೆ ಎಂದು ಎಡಚ ಹೇಳಿದ. ಮೂರನೆಯ ಸಾಲಿನ ಚಾಕ್ ಗುರುತನ್ನು ಅಂಗೈಯಿಂದ ಒರೆಸಿದ. ಕಲ್ಲು ಒಡೆಯುವವರು ಹೋದರು. ಮೂವತ್ತು ಗುಡಿಸಲು ಹೋದವು. ಅವನ ಅಜ್ಜಿ, ಅಪ್ಪ, ಅವ್ವ, ಅವನು ಹುಟ್ಟಿದ ಚಾಪೆ, ಎಲ್ಲ ಅಂಗೈಗೆ ನೀಲಿ ಪುಡಿಯಾಗಿ ಅಂಟಿತು. ಅದನ್ನು ಚಡ್ಡಿಗೆ ಒರೆಸಿಕೊಂಡ. ‘ಆಗ ಇಲ್ಲಿದ್ದುದೆಲ್ಲ ಬರಡು ಬಯಲು’ ಎಂದು ಅಕ್ಷರ ಅಗಲಿಸಿ ಬರೆದ. ಸಾಲು ಅಳತೆ ಕೊಟ್ಟು ಹೊಲಿದ ಅಂಗಿಯ ಹಾಗೆ ಕೂತಿತು. ಸಂಜೆ ಅಧ್ಯಕ್ಷರು ಬಂದು ನೋಡಿ, “ಎಷ್ಟು ಅಚ್ಚುಕಟ್ಟು!” ಎಂದರು. ಅವನಿಗೆ ಸಂತೋಷವಾಯಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ. ಹೆಡ್‌ಮಾಸ್ತರರ ಕಾಗದದಲ್ಲಿ ಕುಂಚ ಒರೆಸಿ ಮುದುರಿ ಬಿಸಾಡಿದ.

ಮರುದಿನ ಬೆಳಿಗ್ಗೆ ಅವ್ವ ಪೊರಕೆ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಅವನು ಹತ್ತಿರ ಹೋದ.

“ಇಷ್ಟೊಂದು ಬರ್ದಿದೀಯಲ್ಲೋ ಮಗಾ. ನಮ್ಮದೂ ಇದೆಯಾ ಇದ್ರಲ್ಲಿ?”

ಇಲ್ಲ ಅನ್ನಬಹುದಿತ್ತು. ಅವ್ವ ಹೂಂ ಅಂದು ಹೋಗುತ್ತಿದ್ದಳು. ಅವಳು ಜೀವನವಿಡೀ ಇಲ್ಲ ಎಂಬ ಮಾತನ್ನೇ ಕೇಳಿದವಳು. ಅವನು ಅವಳ ಬೆರಳು ಹಿಡಿದು, ಕೈ ಮೇಲೆತ್ತಿ, ಮೂರನೆಯ ಸಾಲಿಗೆ ಮುಟ್ಟಿಸಿದ.

“ಇಲ್ಲಿದೆ ನೋಡವ್ವ.”

“ಏನಂತ ಇದೆ?”

“ಕಲ್ಲು ಒಡೆಯುವವರ ಮೂವತ್ತು ಗುಡಿಸಲು ಬಿಟ್ಟರೆ ಆಗ ಇಲ್ಲಿದ್ದುದೆಲ್ಲ ಬರಡು ಬಯಲು.”

“ಇನ್ನೊಂದ್ಸಲ ಹೇಳು.”

ಇನ್ನೊಂದು ಸಲ ಹೇಳಿದ. ಅವಳ ತುಟಿ ಅವನ ಜೊತೆಗೇ ಅಲ್ಲಾಡಿತು. ಬಣ್ಣ ಪೂರ್ತಿ ಒಣಗಿರಲಿಲ್ಲ, ಅವಳ ಬೆರಳ ತುದಿ ಕಪ್ಪಾಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಆಮೇಲೆ ಅವಳು ಆ ಸಾಲನ್ನು ಕೇರಿಗೆಲ್ಲ ಹಂಚಿದಳು. ಕೇರಿಯಲ್ಲಿ ಓದು ಕಲಿತವನು ಎಡಚನೊಬ್ಬನೇ. ದಿನಕ್ಕೊಬ್ಬ ಹೆಂಗಸು ಕಸ ಗುಡಿಸುವ ನೆಪದಲ್ಲಿ ಬಂದು ಗೋಡೆಯ ಮುಂದೆ ನಿಲ್ಲುವಳು. ಮೇಲಿಂದ ಮೂರು ಎಣಿಸುವಳು. ಓದು ಬಾರದ ಕಣ್ಣಿನಿಂದ ಆ ಸಾಲನ್ನು ಎಡದಿಂದ ಬಲಕ್ಕೆ ನಿಧಾನ ನೋಡಿ, ಬಾಯಲ್ಲಿ ಹೇಳಿಕೊಂಡು ಹೋಗುವಳು. ಎಡಚ ಮಾಳಿಗೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ. ನೋಡಿ ಕಿಟಕಿ ಮುಚ್ಚಿದ. ಎರಡು ತಿಂಗಳಿಗೆ ಹೆಡ್‌ಮಾಸ್ತರರು ತೀರಿಕೊಂಡರು. ಮೂರನೆಯ ಸಾಲಿನಲ್ಲಿ ಏನಿರಬೇಕಿತ್ತು, ಏನಿದೆ, ಎರಡನ್ನೂ ಬಲ್ಲವನು ಈಗ ಅವನೊಬ್ಬನೇ ಉಳಿದ.

ಅಷ್ಟರಲ್ಲಿ ಪುರಸಭೆಗೆ ಕಲ್ಲುಗುಂಡಿ ಚೆಂದ ಕಂಡಿತು. ಗುಂಡಿಯ ನೀರಿನಲ್ಲಿ ದೋಣಿ ಬಿಡುವುದು, ದಂಡೆಯಲ್ಲಿ ಹೂವಿನ ಗಿಡ, ಕುಳಿತುಕೊಳ್ಳಲು ಬೆಂಚು. ನೂರು ವರ್ಷದ ನೆನಪಿಗೆ ಉದ್ಯಾನ. ದಂಡೆಯ ಮನೆಗಳಿಗೆ ನೋಟೀಸು ಬಂತು. ಮೂವತ್ತು ಗುಡಿಸಲು ಅಷ್ಟು ಹೊತ್ತಿಗೆ ನಲವತ್ತೆರಡು ಮನೆಗಳಾಗಿದ್ದವು. ಒಂದಕ್ಕೂ ಕಾಗದಪತ್ರ ಇರಲಿಲ್ಲ. ತಂದು ಇಳಿಸಿದವರು ಬಾಂಡ್ಲಿ ಕೊಟ್ಟಿದ್ದರು, ಸುತ್ತಿಗೆ ಕೊಟ್ಟಿದ್ದರು, ಕಾಗದ ಕೊಟ್ಟಿರಲಿಲ್ಲ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಕೆಟ್ಟವರಲ್ಲ. ಪುರಸಭೆ ಆಗುವುದಕ್ಕಿಂತ ಮೊದಲಿನಿಂದ ನೆಲೆಸಿದವರನ್ನು ಎಬ್ಬಿಸುವಂತಿಲ್ಲ, ಕಾನೂನೇ ಹಾಗಿದೆ ಎಂದು ಕೇರಿಯಲ್ಲಿ ನಿಂತು ಹೇಳಿದರು. ಆದರೆ ಅದಕ್ಕೆ ಪುರಸಭೆಯದೇ ಆದ ಒಂದು ಆಧಾರ ಬೇಕು, ಒಂದಾದರೂ ತೋರಿಸಿ ಎಂದರು. ಜನ ಮುಖ ಮುಖ ನೋಡಿಕೊಂಡರು. ಅವ್ವ ಮುಂದೆ ಬಂದು ನಕ್ಕುಬಿಟ್ಟಳಂತೆ. “ಒಂದು ಸಾಕಾ ಸಾಹೇಬ್ರೇ? ನಿಮ್ಮ ಪುರಸಭೆ ಗೋಡೆ ಮೇಲೇ ಇದೆ. ನಾಳೆ ಬನ್ನಿ, ತೋರಿಸ್ತೀನಿ.”

ಆ ಮಧ್ಯಾಹ್ನ ಅವಳು ಮೊದಲ ಬಾರಿಗೆ ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ಅವನು ಕರೆಯುವ ಮೊದಲೇ ಮಾತಾಡಿದಳು.

“ನೀನು ಬರ್ದಿದ್ದೇ ನಮ್ಮನ್ನ ಉಳಿಸ್ತದೆ ಕಣೋ ಮಗಾ! ನಲವತ್ತೆರಡು ಮನೆಯೋರೂ ನಿನ್ನ ಹೆಸರು ಹೇಳ್ತಿದಾರೆ. ನಾನು ಸುಮ್ನೆ ಏನೇನೋ ಅಂದ್ಕೊಂಡಿದ್ದೆ ನಿನ್ನ ಬಗ್ಗೆ. ಊರೋರ ಕಡೆ ಹೋಗ್ಬಿಟ್ಟ ಅಂದ್ಕೊಂಡಿದ್ದೆ. ತಪ್ಪಾಯ್ತು.”

ತಪ್ಪಾಯ್ತು ಅಂದವಳು ಅವಳು. “ಅವ್ವಾ, ಆ ಸಾಲು...” ಎಂದ. “ಗೊತ್ತು ಬಿಡು, ಮೂರನೇದು,” ಎಂದು ಅವಳು ಮೆಟ್ಟಿಲಿಳಿದಳು. ಇಳಿಯುವಾಗ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅವನು ಓಡಿಹೋಗಿ ಹೇಳಲಿಲ್ಲ. ಏಣಿ ಇತ್ತು, ಬಣ್ಣ ಇತ್ತು, ಸಂಜೆಯವರೆಗೆ ಹೊತ್ತಿತ್ತು. ಗೋಡೆಯ ಹತ್ತಿರ ಹೋಗಿ ನಿಂತ. ಬಾಗಿಲಲ್ಲಿದ್ದ ಕಾವಲುಗಾರ, “ಏನಾದ್ರೂ ಬಾಕಿ ಇದೆಯೇನಯ್ಯಾ?” ಎಂದ. “ಏನಿಲ್ಲ,” ಎಂದು ತಿರುಗಿ ಬಂದ. ಹೇಡಿಗೆ ಅಷ್ಟೇ ಸಾಕಾಯಿತು.

ಬೆಳಿಗ್ಗೆ ಹನ್ನೊಂದಕ್ಕೆ ಇಡೀ ಕೇರಿ ಗೋಡೆಯ ಮುಂದಿತ್ತು. ಹೆಂಗಸರು ಒಗೆದ ಬಟ್ಟೆ ಉಟ್ಟು ಬಂದಿದ್ದರು. ಅಧಿಕಾರಿ ಬಂದರು, ಪುರಸಭೆಯ ಕಾರ್ಯದರ್ಶಿ ಬಂದ, ಬಟ್ಟೆ ಅಂಗಡಿಯ ಯಜಮಾನನೂ ಏನು ಗಲಾಟೆ ಎಂದು ನೋಡಲು ಬಂದ. ಎಡಚ ಎಲ್ಲರ ಹಿಂದೆ ವಿದ್ಯುತ್ ಕಂಬಕ್ಕೆ ಒರಗಿ ನಿಂತಿದ್ದ.

ಅವ್ವ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. “ಇಲ್ಲಿಂದ ಓದಿ ಸಾಹೇಬ್ರೇ. ಎಲ್ಲರಿಗೂ ಕೇಳೋ ಹಾಗೆ.”

ಅಧಿಕಾರಿ ಕನ್ನಡಕ ಏರಿಸಿಕೊಂಡರು. “ಆಗ ಇಲ್ಲಿದ್ದುದೆಲ್ಲ ಬರಡು ಬಯಲು.”

“ಅದಕ್ಕೆ ಮುಂಚೆ?”

“ಮುಂಚೆ ಏನಿಲ್ಲಮ್ಮ. ಸಾಲು ಶುರುವಾಗೋದೇ ಹಾಗೆ.”

ಕಾರ್ಯದರ್ಶಿ ಕೆಮ್ಮಿದ. “ನೋಡಿ ಸಾರ್, ನಾವು ಹೇಳ್ತಿದ್ದದ್ದೂ ಅದನ್ನೇ. ಬಯಲಿತ್ತು. ಇವರೆಲ್ಲ ಆಮೇಲೆ ಬಂದು ಸೇರ್ಕೊಂಡೋರು.”

ಅವ್ವ ಹೆದರಲಿಲ್ಲ. ಸಿಟ್ಟಿನಿಂದ ಮುಖ ಕೆಂಪಾಯಿತು. “ಸುಳ್ಳು ಓದ್ತಿದೀರಿ! ನಮಗೆ ಓದೋಕೆ ಬರಲ್ಲ ಅಂತ ಸುಳ್ಳು ಓದ್ತಿದೀರಿ. ಕಲ್ಲು ಒಡೆಯುವವರ ಮೂವತ್ತು ಗುಡಿಸಲು ಬಿಟ್ಟರೆ, ಅಂತ ಇದೆ ಅಲ್ಲಿ. ಬರ್ದೋನು ನನ್ನ ಮಗ. ಅವನೇ ಇದಾನೆ ಇಲ್ಲಿ. ಏ ಮಗಾ, ಬಾರೋ ಈ ಕಡೆ. ನೀನು ಓದು.”

ಜನ ದಾರಿ ಬಿಟ್ಟರು. ಬಟ್ಟೆ ಅಂಗಡಿಯ ಯಜಮಾನ ಅವನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಎಡಚ ನಡೆದು ಬಂದ. ಇಪ್ಪತ್ತು ಹೆಜ್ಜೆ ಇದ್ದಿರಬಹುದು. ಬಂದು ಗೋಡೆಯ ಮುಂದೆ ನಿಂತ.

“ಓದೋ.”

“ಆಗ ಇಲ್ಲಿದ್ದುದೆಲ್ಲ ಬರಡು ಬಯಲು,” ಎಂದ.

ಅವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನೂ ಬರುತ್ತದೆ ಎಂದು ಕಾದಳು. ಬರಲಿಲ್ಲ. ಅವಳ ಬೆರಳು ಇನ್ನೂ ಗೋಡೆಯ ಮೇಲೇ ಇತ್ತು. ನಿಧಾನವಾಗಿ ಕೆಳಗಿಳಿಸಿದಳು. ಹಿಂದೆ ಯಾವುದೋ ಹೆಂಗಸು, “ಅಯ್ಯೋ, ನಾವು ದಿನಾ ಬಂದು ನೋಡ್ತಿದ್ದದ್ದು ಇದನ್ನಾ?” ಎಂದಳು.

“ಸರಿಯಮ್ಮ, ಆಧಾರ ಇಲ್ಲ ಅಂತ ಬರ್ಕೊಳ್ತೀನಿ,” ಎಂದು ಅಧಿಕಾರಿ ಫೈಲು ತೆರೆದರು. “ಬಾಯಿಮಾತು ನಡೆಯಲ್ಲ.”

ಅವ್ವ ತಲೆಯ ಮೇಲಿನ ಸೆರಗು ತೆಗೆದಳು. ತಲೆ ಬಗ್ಗಿಸಿ ನೆತ್ತಿಯನ್ನು ಅಧಿಕಾರಿಯ ಮುಂದೆ ಹಿಡಿದಳು. ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಚರ್ಮ ದಡ್ಡುಗಟ್ಟಿ ಹೊಳೆಯುತ್ತಿತ್ತು. ಹದಿಮೂರನೆಯ ವಯಸ್ಸಿನಿಂದ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಜಲ್ಲಿಯ ಬಾಂಡ್ಲಿ ಇಟ್ಟು ಸವೆದ ಜಾಗ. “ಇದನ್ನ ಓದಿ,” ಎಂದಳು. “ನನ್ನವ್ವಂಗೂ ಹೀಗೇ ಇತ್ತು. ಅವಳವ್ವಂಗೂ ಇತ್ತು. ಈ ಗೋಡೆ ಕಲ್ಲು ಇಲ್ಲಿಗೆ ನಡ್ಕೊಂಡು ಬರ್ಲಿಲ್ಲ. ಯಾರ ತಲೆ ಮೇಲೆ ಬಂತು, ಬರ್ಕೊಳ್ಳಿ.” ಹಿಂದಿದ್ದ ಮುದುಕಿಯರೂ ಒಬ್ಬೊಬ್ಬರೇ ಸೆರಗು ತೆಗೆದರು. ಬಿಸಿಲಿನಲ್ಲಿ ಒಂಬತ್ತು ಬೋಳು ನೆತ್ತಿಗಳು. ಅಧಿಕಾರಿ ಪಕ್ಕಕ್ಕೆ ನೋಡಿದರು. “ಇದಕ್ಕೆ ಕಾಲಂ ಇಲ್ಲಮ್ಮ,” ಎಂದರು. ಅವರ ದನಿ ಸಣ್ಣಗಾಗಿತ್ತು.

ಆಗ ಎಡಚನಿಗೆ ತಡೆಯಲಾಗಲಿಲ್ಲ. ಧೈರ್ಯ ಬಂತು ಎಂದು ಯಾರೂ ಹೊಗಳಬೇಕಿಲ್ಲ. ಅವ್ವನ ನೆತ್ತಿಯನ್ನು ಅವನು ಹಗಲು ಬೆಳಕಿನಲ್ಲಿ, ನಾಲ್ಕು ಜನರ ಮುಂದೆ ಎಂದೂ ನೋಡಿರಲಿಲ್ಲ.

“ಇತ್ತು ಸಾರ್. ಹೆಡ್‌ಮಾಸ್ತರು ಬರ್ದಿದ್ರು. ಅವ್ವ ಹೇಳಿದ್ದೇ ಸರಿ. ಅದನ್ನ ತೆಗೆದೋನು ನಾನು.”

“ಯಾಕೆ?”

“ಜಾಗ ಸಾಲ್ಲಿಲ್ಲ ಸಾರ್.”

“ಆ ಕಾಗದ ಎಲ್ಲಿದೆ?”

“ಕುಂಚ ಒರೆಸಿ ಬಿಸಾಕ್ದೆ.”

ಕಾರ್ಯದರ್ಶಿ ಅವನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದ. “ಏನಯ್ಯಾ ಎಡಚ, ತಲೆ ಕೆಟ್ಟಿದೆಯಾ? ಊರಿನ ಕೆಲಸ ಎಲ್ಲಾ ನಿನಗೇ ಕೊಡ್ತಾ ಬಂದಿದೀವಿ. ಉದ್ಯಾನದ ಬೋರ್ಡೂ ನಿಂದೇ. ಯೋಚನೆ ಮಾಡಿ ಮಾತಾಡು.”

“ಆ ಬೋರ್ಡು ನಾನು ಬರೆಯಲ್ಲ,” ಎಂದ ಎಡಚ. “ಬೇರೆಯೋರ ಕೈಲಿ ಬರೆಸ್ಕೊಳ್ಳಿ.” ಹೆಗಲ ಮೇಲಿನ ಕೈಯನ್ನು ತೆಗೆದು ಬದಿಗಿಟ್ಟ.

ಅಧಿಕಾರಿ ಬಿಳಿ ಹಾಳೆ ಕೊಟ್ಟರು. ಅವನು ಪುರಸಭೆಯ ಮೆಟ್ಟಿಲ ಮೇಲೆ ಕೂತು ಬರೆದುಕೊಟ್ಟ. ಹೆಡ್‌ಮಾಸ್ತರರ ಸಾಲನ್ನು ಒಂದು ಅಕ್ಷರ ಬಿಡದೆ ಬರೆದ. ತಾನು ಕಡಿದದ್ದನ್ನು ಬರೆದ. ತಾನು ಹುಟ್ಟಿದ್ದು ಕಲ್ಲುಗುಂಡಿಯ ದಂಡೆಯಲ್ಲಿ ಎಂದು ಬರೆದ. ಬಟ್ಟೆ ಅಂಗಡಿಯ ಯಜಮಾನ ಅಲ್ಲಿಂದ ಆಗಲೇ ಹೊರಟುಹೋಗಿದ್ದ. ಅಧಿಕಾರಿ ಹಾಳೆಯನ್ನು ಫೈಲಿಗೆ ಸೇರಿಸಿ, ಇದು ಸಾಲುತ್ತದೋ ಇಲ್ಲವೋ ಮೇಲಿನವರು ಹೇಳಬೇಕು, ಅಲ್ಲಿಯವರೆಗೆ ಯಾರೂ ಮನೆ ಮುಟ್ಟಬಾರದು ಎಂದರು. “ಯಾರು ಏನೇ ಹೇಳ್ಲಿ, ನಾವಂತೂ ಏಳಲ್ಲ,” ಎಂದು ಮುದುಕಿಯೊಬ್ಬಳು ಸೆರಗು ಹೊದ್ದುಕೊಳ್ಳುತ್ತ ಹೇಳಿದಳು. ಕೇರಿಯವರು ಹೊರಟರು. ಅವನ ಪಕ್ಕದಲ್ಲೇ ಹಾದುಹೋದರು. ಒಬ್ಬರೂ ಮಾತಾಡಿಸಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವ್ವ ಒಬ್ಬಳೇ ಗೋಡೆಯ ಮುಂದೆ ಉಳಿದಳು.

“ಅವ್ವಾ, ನಾಳೇನೇ ಮತ್ತೆ ಬರೀತೀನಿ,” ಎಂದ. “ಯಾರು ತಡೀತಾರೆ ನೋಡ್ತೀನಿ. ದೊಡ್ಡದಾಗಿ ಬರೀತೀನಿ.”

ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ. ಹದಿನಾಲ್ಕು ಸಾಲಿನ ಕೆಳಗೆ, ಬಲಮೂಲೆಯಲ್ಲಿ ಅವಳ ಕಣ್ಣು ನಿಂತಿತು.

“ಎಲ್ಲಾ ಕಪ್ಪಗಿದೆ. ಅದೊಂದು ಯಾಕೆ ಕೆಂಪಗೆ?”

ಅವನು ಹೋಗಿ ಆ ಮೂಲೆಗೆ ಅಡ್ಡ ನಿಂತ.

“ಏನಂತ ಬರ್ದಿದೆ ಅಲ್ಲಿ? ಈಗಾದ್ರೂ ಇದ್ದದ್ದನ್ನ ಇದ್ದ ಹಾಗೆ ಓದು.”

“ಬರಹ, ಎಡಚ ಆರ್ಟ್ಸ್, ಮಾರುಕಟ್ಟೆ ಬೀದಿ,” ಎಂದು ಓದಿದ. “ನನ್ನ ಹೆಸರವ್ವ.”

“ಅದಕ್ಕೆ ಜಾಗ ಸಾಲ್ತಾ?”

ಅವನು ಜೇಬಿನಿಂದ ಬಣ್ಣ ಒರೆಸುವ ಬಟ್ಟೆ ತೆಗೆದ. ಬಗ್ಗಿ, ಕೆಂಪು ಅಕ್ಷರಗಳ ಮೇಲೆ ಉಜ್ಜತೊಡಗಿದ. ಎನಾಮಲ್ ಬಣ್ಣ, ಒಣಗಿ ತಿಂಗಳುಗಳಾಗಿದ್ದವು, ಏಳಲಿಲ್ಲ. ಉಗುರಿನಿಂದ ಕೆರೆದ.

“ಬಿಡು,” ಎಂದಳು ಅವ್ವ. “ಅಳಿಸ್ಬೇಡ. ಇದನ್ನ ಬರ್ದೋರು ಯಾರು ಅಂತ ನಾಳೆ ಯಾರಾದ್ರೂ ಕೇಳ್ತಾರೆ.”

ಸೆರಗು ತಲೆಗೆ ಎಳೆದುಕೊಂಡು ಅವಳು ಕೆಳಗಿನ ದಾರಿ ಹಿಡಿದಳು. ಜೊತೆಗೆ ಬಾ ಎಂದು ಕರೆಯಲಿಲ್ಲ.